ಒಂದು ‘ರ‍್ಯಾಂಕ್’ಗಾಗಿ ಹರ್ಫ್‌ಬಝ್ ಬಿಲ್ಡ್ ಮಾಡಿದ ಕಥೆ

ಪರಿಚಯದ ಶಾಲೆಯೊಂದಕ್ಕೆ ಪ್ರಶಸ್ತಿಪತ್ರ ಮಾಡಿಕೊಡುವ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಎಕ್ಸೆಲ್ ಪಟ್ಟಿ ಕೊಟ್ಟರೆ ಪಿಡಿಎಫ್ ಬರುತ್ತದೆ. ಹೆಸರುಗಳೆಲ್ಲ ಚೆನ್ನಾಗಿಯೇ ಬಂದವು. ಕೆಟ್ಟಿದ್ದು ‘ರ‍್ಯಾಂಕ್’ ಒಂದೇ. ರ ಅಕ್ಷರಕ್ಕೆ ಯ ಒತ್ತು ಬರಬೇಕಾದಲ್ಲಿ ‘ಯಾ’ ಬರೆದು ಮುಂದೆ ಅರ್ಕಾವತ್ತು ಕೂರಿಸಿತ್ತು: ‘ರ್ಯಾಂಕ್’. ಸೂರ್ಯನಿಗೆ ಅರ್ಕಾವತ್ತು ಚಂದ, ರ‍್ಯಾಂಕಿಗಲ್ಲ, ಅಲ್ವಾ?

ಮೊದಲು ಫಾಂಟನ್ನು ಬೈದೆ. ಲೋಹಿತ್ ತೆಗೆದು ನೋಟೋ ಹಾಕಿದರೂ ಅದೇ ಅವತಾರ. ಆಮೇಲೆ ಅನುಮಾನ ಹರ್ಫ್‌ಬಝ್ ಮೇಲೆ ಹೋಯಿತು. ಯಾವ ಅಕ್ಷರಕ್ಕೆ ಯಾವ ಒತ್ತು, ಎಲ್ಲಿ ಕೂರಬೇಕು ಎಂದು ಫಾಂಟಿನ ನಿಯಮ ನೋಡಿ ಲೆಕ್ಕ ಹಾಕುವುದು ಇದೇ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್, ಎಲ್ಲದರ ಹೊಟ್ಟೆಯಲ್ಲೂ ಇದಿದೆ. (ಹೆಸರು ಪರ್ಷಿಯನ್ ಭಾಷೆಯದು. ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ಹೆಸರನ್ನೇ ಆ ಭಾಷೆಯಲ್ಲಿ ಹೇಳಿದ್ದಾರೆ.) ನನ್ನ ಉಬುಂಟುವಿನಲ್ಲಿದ್ದದ್ದು ಹಳೇ ಆವೃತ್ತಿ. ಹೊಸದನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡೋಣ, ಅಂದರೆ ಮೂಲ ಕೋಡ್‌ನಿಂದ ನಾನೇ ತಯಾರಿಸೋಣ ಎಂದು ಕೂತೆ.

ಗಿಟ್‌ಹಬ್‌ನಿಂದ ಕ್ಲೋನ್ ಮಾಡಿದೆ. ಸಿ ಪ್ಲಸ್ ಪ್ಲಸ್ ಕಂಪೈಲರ್ ಇತ್ತು, ಬಿಲ್ಡ್ ಕೆಲಸ ನಡೆಸುವ ಮೆಸನ್, ನಿಂಜಾ ಹಾಕಿಕೊಂಡೆ. ‘ಮೆಸನ್ ಸೆಟಪ್ ಬಿಲ್ಡ್’ ಕೊಟ್ಟೆ, ಎರರ್ ಇಲ್ಲ. ‘ನಿಂಜಾ’ ಓಡಿಸಿದೆ, ಅದೂ ಮುಗಿಯಿತು. ಇಷ್ಟು ಸುಲಭವಾ ಎಂದುಕೊಂಡು ಯುಟಿಲ್ ಫೋಲ್ಡರ್ ತೆರೆದರೆ ನನಗೆ ಬೇಕಿದ್ದ, ಪಠ್ಯವನ್ನು ಚಿತ್ರವಾಗಿ ತೋರಿಸುವ ಎಚ್‌ಬಿ-ವ್ಯೂ ಇಲ್ಲವೇ ಇಲ್ಲ!

ಮೇಲೆ ಸ್ಕ್ರೋಲ್ ಮಾಡಿ ಮೆಸನ್ ಕೊನೆಯಲ್ಲಿ ಕೊಟ್ಟಿದ್ದ ಪಟ್ಟಿ ಓದಿದೆ. ಕೈರೋ ಎದುರಿಗೆ ‘ನೋ’. ಚಿತ್ರ ಬರೆಯುವ ಕೈರೋ ಸಿಗದಿದ್ದರೆ ಮೆಸನ್ ಜಗಳ ಮಾಡುವುದಿಲ್ಲ, ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಕೈರೋ ಎನೇಬಲ್ಡ್ ಎಂದು ನಾವೇ ಆಪ್ಷನ್ ಕೊಟ್ಟರೆ ಮಾತ್ರ ಅಲ್ಲೇ ನಿಂತು ದೂರು ಹೇಳುತ್ತದೆ. ನನಗಂತೂ ದೂರು ಹೇಳುವುದೇ ಇಷ್ಟ. ಕೈರೋ, ಫ್ರೀಟೈಪ್, ಜಿಲಿಬ್ ಮೂರರ ‘ಡೆವ್’ (ಬಿಲ್ಡ್ ಮಾಡಲು ಬೇಕಾದ) ಪ್ಯಾಕೇಜ್ ಹಾಕಿ, ಹಳೆಯದನ್ನು ಒರೆಸುವ ‘ವೈಪ್’ ಆಪ್ಷನ್ ಜೊತೆ ಸೆಟಪ್ ಮತ್ತೆ ಓಡಿಸಿದೆ. ಈ ಸಲ ಎಲ್ಲಾ ‘ಯೆಸ್’. ಟೆಸ್ಟ್‌ಗಳೂ ಪಾಸಾದವು.

ಇನ್‌ಸ್ಟಾಲ್ ಮಾಡಿದ ಮೇಲೆ ಇನ್ನೊಂದು ತಮಾಷೆ. ಜೊತೆಗೇ ಬಂದ ಎಚ್‌ಬಿ-ಶೇಪ್ ಎಂಬ ಇನ್ನೊಂದು ಸಾಧನಕ್ಕೆ ಅದರ ಆವೃತ್ತಿ ಕೇಳಿದರೆ ಎರಡು ನಂಬರ್ ಹೇಳಿತು: ತನ್ನದು ಹೊಸದು, ‘ಲಿಂಕ್ಡ್ ವಿತ್’ ಎಂದು ಹಳೆಯದು. ಹೊಸ ಪ್ರೋಗ್ರಾಂ ಹಳೇ ಲೈಬ್ರರಿಯ ಜೊತೆ ಸಂಸಾರ ಮಾಡುತ್ತಿತ್ತು. ಲೈಬ್ರರಿಗಳ ವಿಳಾಸಪಟ್ಟಿ ಹೊಸದಾಗಿಸುವ ‘ಎಲ್‌ಡಿಕಾನ್ಫಿಗ್’ ಓಡಿಸಿದ ಮೇಲೆ ಸರಿಹೋಯಿತು.

ಈಗ ಅಸಲು ಕೆಲಸ. ನನ್ನ ಪ್ರೋಗ್ರಾಂ ಪಿಡಿಎಫ್‌ಗೆ ಕಳಿಸುವ ಪಠ್ಯವನ್ನು ಹಾಗೇ ಫೈಲಿಗೆ ಹಾಕಿ ಎಚ್‌ಬಿ-ವ್ಯೂಗೆ ಕೊಟ್ಟೆ. ಮತ್ತೆ ಅರ್ಕಾವತ್ತು. ಛೆ!

ಕೊನೆಗೆ ಎಚ್‌ಬಿ-ಶೇಪ್ ತೆಗೆದೆ. ಇದು ಚಿತ್ರ ತೋರಿಸುವುದಿಲ್ಲ. ಪ್ರತಿ ಗ್ಲಿಫ್‌ನ (ಫಾಂಟಿನಲ್ಲಿರುವ ಅಕ್ಷರರೂಪದ) ಹೆಸರು, ಸಮ ಚಿಹ್ನೆ, ಪಠ್ಯದಲ್ಲಿ ಅದು ಎಷ್ಟನೇ ಸಂಕೇತದಿಂದ ಬಂತು ಎಂಬ ಸಂಖ್ಯೆ, ಇಂಥವನ್ನು ಸಾಲಾಗಿ ಉದುರಿಸುತ್ತದೆ. ಕೊನೆಯ ‘ಕ್’ ಎದುರು 5 ಇತ್ತು. ಬೆರಳಲ್ಲಿ ಎಣಿಸಿದೆ, ಸೊನ್ನೆಯಿಂದ: ರ, ಜಾಯ್ನರ್ (ಕಾಣದ ಜೋಡಿಸುವ ಸಂಕೇತ), ವಿರಾಮ (‘್’ ಚಿಹ್ನೆ), ಯ, ಆ ಕಾರ, ಅನುಸ್ವಾರ, ಕ. ‘ಕ’ 6 ಆಗಬೇಕು. ಒಂದು ಎಲ್ಲೋ ಬಿದ್ದುಹೋಗಿದೆ.

ಬಿದ್ದದ್ದು ಜೀರೋ ವಿಡ್ತ್ ಜಾಯ್ನರ್. ಯೂನಿಕೋಡ್‌ನಲ್ಲಿ ರ, ವಿರಾಮ, ಯ ಎಂದಷ್ಟೇ ಬರೆದರೆ ಅರ್ಕಾವತ್ತೇ ಬರಬೇಕು, ಅದು ನಿಯಮ. ಯ ಒತ್ತು ಬೇಕಾದರೆ ರ ಆದಮೇಲೆ, ವಿರಾಮಕ್ಕೆ ಮೊದಲು, ಕಣ್ಣಿಗೆ ಕಾಣದ ಈ ಜಾಯ್ನರ್ ಇಡಬೇಕು. ಎಚ್‌ಬಿ-ವ್ಯೂಗೆ ಯೂನಿಕೋಡ್ ಆಪ್ಷನ್‌ನಲ್ಲಿ, ಕೊನೆಯ ವಿರಾಮವೂ ಸೇರಿ, ಎಂಟೂ ಸಂಕೇತ ಕೈಯಾರೆ ಕೊಟ್ಟೆ. ರ, ಅದರ ಬುಡದಲ್ಲಿ ಯ ಒತ್ತು, ಅಚ್ಚುಕಟ್ಟು. ಹಳೇ ಲೈಬ್ರರಿಗೂ ಅದನ್ನೇ ಕೊಟ್ಟೆ. ಅಲ್ಲೂ ಅಚ್ಚುಕಟ್ಟು. ಅಂದರೆ ಬಿಲ್ಡ್ ಮಾಡುವ ಅಗತ್ಯವೇ ಇರಲಿಲ್ಲ. ಉಬುಂಟುವಿನ ‘ಲಿಬ್‌ಹರ್ಫ್‌ಬಝ್-ಬಿನ್’ ಪ್ಯಾಕೇಜಿನಲ್ಲೇ ಈ ಎರಡೂ ಸಾಧನ ಇವೆ!

ಶಾಲೆಯ ಎಕ್ಸೆಲ್‌ನಲ್ಲಿ ಜಾಯ್ನರ್ ಇತ್ತು. ನನ್ನ ಪೈಥಾನ್ ಫೈಲಿನಲ್ಲಿ ಅದನ್ನು ಹುಡುಕಿ ಅಳಿಸುವ ಒಂದು ಸಾಲೂ ಇತ್ತು. ವಾಟ್ಸಾಪ್‌ನಿಂದ ಕಾಪಿ ಮಾಡಿದ ಹೆಸರುಗಳು ಹೊಂದುತ್ತಿಲ್ಲ ಎಂದು ಯಾವಾಗಲೋ ಹಾಕಿದ್ದು. ಪಕ್ಕದಲ್ಲಿ ನನ್ನದೇ ಕಮೆಂಟ್: ‘ಕಾಣದ ಕಸ ತೆಗಿ’.