ತಂತಿ ಹಿಡ್ಕೊಂಡು ಹೋದ್ರೆ ಗಿಟಾರ್ ಪಾರ್ಟ್ಸ್ ತಾನಾಗೇ ಗೊತ್ತಾಗುತ್ತೆ: ನನ್ನ ಅನುಭವ

ಗಿಟಾರ್ ತಗೊಂಡೋರು ಸುಮಾರು ಜನ ಮೊದ್ಲು ಮಾಡೋ ಕೆಲ್ಸ ಅಂದ್ರೆ ಬಾಣದ ಗುರುತು ಹಾಕಿರೋ ಒಂದು ಚಿತ್ರ ನೋಡಿ ಹೆಡ್‌ಸ್ಟಾಕ್, ನಟ್, ನೆಕ್, ಫ್ರೆಟ್, ಬ್ರಿಡ್ಜ್, ಸ್ಯಾಡಲ್ ಅಂತ ಬಾಯಿಪಾಠ ಮಾಡೋದು. ಮಾರನೇ ದಿನ ಕೇಳಿದ್ರೆ ನಟ್ ಯಾವ್ದು ಸ್ಯಾಡಲ್ ಯಾವ್ದು ಅಂತ ಅದಲು ಬದಲಾಗಿರುತ್ತೆ. ನಾನು ಆ ದಾರಿ ಹಿಡೀಲಿಲ್ಲ. ತಂತಿ ಹಾಕಿಸೋಕೂ ತುಮಕೂರಿಂದ ಬೆಂಗಳೂರಿಗೆ ಟ್ರೇನ್ ಹತ್ತಬೇಕಾ ಅಂತ ಅನ್ಸಿ ನಾನೇ ಕೈ ಹಾಕ್ದೆ, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ ನನ್ನ ಸ್ಟೀಲ್ ತಂತಿ ಗಿಟಾರು, ಮಗಳಿಗೆ ಅಂತ ತಂದಿದ್ದ ಸೊಪ್ರಾನೋ ಯುಕುಲೇಲೆ (ನಾಲ್ಕು ತಂತಿಯ ಪುಟ್ಟ ಗಿಟಾರ್ ಥರದ್ದು, ಸೊಪ್ರಾನೋ ಅಂದ್ರೆ ಅದರಲ್ಲಿ ಚಿಕ್ಕ ಸೈಜು) ಎರಡನ್ನೂ ಚಾಪೆ ಮೇಲೆ ಪಕ್ಕಪಕ್ಕ ಮಲಗಿಸಿ ಒಂದೇ ಒಂದು ತಂತಿ ಆ ತುದಿಯಿಂದ ಈ ತುದಿವರೆಗೆ ಎಲ್ಲೆಲ್ಲಿ ಏನೇನು ಮುಟ್ಟುತ್ತೆ ಅಂತ ಬೆರಳಿಟ್ಟು ನೋಡ್ತಾ ಹೋದೆ.

ಕೆಳಗಿನ ತುದಿಯಿಂದ ಶುರು ಮಾಡಿ. ಸ್ಟೀಲ್ ತಂತಿ ಗಿಟಾರಲ್ಲಿ ತಂತಿ ತುದಿಗೆ ಒಂದು ಸಣ್ಣ ಹಿತ್ತಾಳೆ ಉಂಡೆ ಇರುತ್ತೆ, ಅದು ಬ್ರಿಡ್ಜಿನ (ಮೇಲ್ಹಲಗೆಗೆ ಅಂಟಿಸಿರೋ, ತಂತಿ ಕಟ್ಟೋ ಮರದ ತುಂಡು) ತೂತಲ್ಲಿ ಇಳಿದು ಒಳಗಡೆ ಒಂದು ಮರದ ಪಟ್ಟಿಗೆ ಸಿಕ್ಕಾಕೊಳುತ್ತೆ, ಮೇಲಿಂದ ಪಿನ್ನು. ತುಂಬಾ ಜನ ಪಿನ್ನೇ ತಂತೀನ ಹಿಡ್ಕೊಂಡಿದೆ ಅನ್ಕೊಂಡು ಸುತ್ತಿಗೇಲಿ ಹೊಡೆದ ಹಾಗೆ ಒತ್ತುತಾರೆ. ಹಾಗಲ್ಲ. ಪಿನ್ನಲ್ಲಿರೋ ತೋಡು ತಂತಿ ಕಡೆ, ಅಂದ್ರೆ ಸೌಂಡ್‌ಹೋಲ್ (ಮೇಲ್ಹಲಗೆ ಮಧ್ಯದ ದೊಡ್ಡ ತೂತು) ಕಡೆ ತಿರುಗಿಸಿ ಮೆಲ್ಲಗೆ ಇಟ್ಟು, ಒಂದು ಕೈಯಲ್ಲಿ ಪಿನ್ ಅದುಮಿ ಇನ್ನೊಂದು ಕೈಯಲ್ಲಿ ತಂತಿ ಮೇಲಕ್ಕೆ ಎಳೀಬೇಕು, ಉಂಡೆ ಆ ಪಟ್ಟಿಗೆ ತಗುಲಿ ನಿಂತಿದ್ದು ಕೈಗೇ ಗೊತ್ತಾಗುತ್ತೆ. ಆಮೇಲೆ ಪಿನ್ ಎದ್ದು ಬರಲ್ಲ. ನಮ್ಮ ಯುಕುಲೇಲೇಲಿ ಪಿನ್ನೂ ಇಲ್ಲ ಉಂಡೇನೂ ಇಲ್ಲ, ಬ್ರಿಡ್ಜಿನ ತೂತಲ್ಲಿ ತಂತಿ ತೂರಿಸಿ ವಾಪಸ್ ತಂದು ಅದರ ಕೆಳಗೇ ಸುತ್ತಿ ಬಿಗಿಯೋದು ಅಷ್ಟೇ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಲ್ಲೂ ಇದೇ ಗಂಟು.

ಈ ವ್ಯತ್ಯಾಸ ಯಾಕೆ ಅಂದ್ರೆ ಎಳೆತ. ಸ್ಟೀಲ್ ತಂತಿ ಸೆಟ್ ಪೂರ್ತಿ ಟ್ಯೂನ್ ಮಾಡಿದಾಗ ಆರೂ ಸೇರಿ 70 ಕೆಜಿ ಹತ್ರ ಎಳೀತವೆ, ನೈಲಾನ್ ಆದ್ರೆ ಸುಮಾರು 40, ಯುಕುಲೇಲೇದು ಅದಕ್ಕಿಂತ ಎಷ್ಟೋ ಕಮ್ಮಿ. ಅದಕ್ಕೇ ಯುಕುಲೇಲೆಗಾಗ್ಲಿ ಕ್ಲಾಸಿಕಲ್ ಗಿಟಾರಿಗಾಗ್ಲಿ ಯಾರಾದ್ರೂ ಸ್ಟೀಲ್ ತಂತಿ ಹಾಕ್ಕೊಡ್ತೀನಿ ಅಂದ್ರೆ ಒಪ್ಕೋಬೇಡಿ, ಬ್ರಿಡ್ಜ್ ಕಿತ್ಕೊಂಡು ಬರುತ್ತೆ. ಮೊಬೈಲ್ ಟಾರ್ಚ್ ಹಾಕಿ ಸಣ್ಣ ಕನ್ನಡೀನ ಸೌಂಡ್‌ಹೋಲ್ ಒಳಗೆ ಇಟ್ಟು ನೋಡಿ, ಗಿಟಾರಿನ ಮೇಲ್ಹಲಗೆ ಅಡಿಯಲ್ಲಿ ಎಕ್ಸ್ ಆಕಾರದಲ್ಲಿ ಪಟ್ಟಿ ಅಂಟಿಸಿರ್ತಾರೆ, ಅದು ಬ್ರೇಸಿಂಗ್, ಆ ಎಳೆತಕ್ಕೆ ಹಲಗೆ ಉಬ್ಬಬಾರ್ದು ಅಂತ. ನಮ್ಮ ಯುಕುಲೇಲೆ ಒಳಗೆ ಕಂಡಿದ್ದು ಒಂದೆರಡು ತೆಳು ಪಟ್ಟಿ ಮಾತ್ರ.

ಮುಂದೆ ಬ್ರಿಡ್ಜ್ ಮೇಲೆ ನಿಂತಿರೋ ಬಿಳೀ ಪಟ್ಟಿ, ಸ್ಯಾಡಲ್. ತಂತಿ ನಿಜವಾಗ್ಲೂ ಅದುರೋಕೆ ಶುರು ಆಗೋದೇ ಇಲ್ಲಿಂದ. ಆ ತುದೀಲಿ ಹೆಡ್‌ಸ್ಟಾಕ್ (ತಂತಿ ಬಿಗಿಯೋ ಕಿವಿಗಳಿರೋ ತಲೆ) ಕೆಳಗೆ ತಂತಿ ಕೂರೋಕೆ ತೋಡು ಕೊರೆದಿರೋ ಇನ್ನೊಂದು ಬಿಳೀ ಪಟ್ಟಿ ನಟ್. ಈ ಎರಡರ ಮಧ್ಯೆ ಇರೋದೇ ತಂತಿಯ ಹಾಡೋ ಉದ್ದ, ಸ್ಕೇಲ್. ಫ್ರೆಟ್ ಅಂದ್ರೆ ನೆಕ್ ಮೇಲೆ ಅಡ್ಡಡ್ಡ ಕೂರಿಸಿರೋ ಲೋಹದ ಕಡ್ಡಿ, ಟೇಪ್ ತಗೊಂಡು ನಟ್ಟಿಂದ 12ನೇ ಫ್ರೆಟ್‌ವರೆಗೆ ಅಳೀರಿ, ಅಲ್ಲಿಂದ ಸ್ಯಾಡಲ್‌ವರೆಗೆ ಅಳೀರಿ, ಹೆಚ್ಚು ಕಮ್ಮಿ ಒಂದೇ ಬರುತ್ತೆ, ಅರ್ಧ ಉದ್ದ ಅಂದ್ರೆ ಒಂದು ಸ್ಥಾಯಿ ಮೇಲೆ. ಸ್ಟೀಲ್ ಗಿಟಾರಲ್ಲಿ ಸ್ಯಾಡಲ್ ಸ್ವಲ್ಪ ಓರೆ ಇರುತ್ತೆ, ಅದು ಕಾರ್ಖಾನೇಲಿ ಕೂರಿಸಿದ್ದು ತಪ್ಪಾಗಿ ಅಲ್ಲ, ದಪ್ಪ ತಂತಿ ಒತ್ತಿದಾಗ ಶ್ರುತಿ ಜಾಸ್ತಿ ಏರುತ್ತೆ ಅಂತ ಆ ಕಡೆ ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಇಟ್ಟಿರ್ತಾರೆ.

ನಮ್ಮ ದೊಡ್ಡಮ್ಮ ವೀಣೆ ನುಡಿಸೋರು. ಬಂದೋರು ಫ್ರೆಟ್ ಮೇಲೆ ಬೆರಳು ಓಡಿಸಿ, "ಏನೋ ಇದಕ್ಕೆ ಮೇಣ ಇಲ್ವಾ? ಮೆಟ್ಟಿಲು ಅಪಸ್ವರ ಬಂದ್ರೆ ಏನ್ಮಾಡ್ತೀಯ?" ಅಂದ್ರು. "ಏನೂ ಮಾಡಕ್ಕಾಗಲ್ಲ ದೊಡ್ಡಮ್ಮ, ಲೆಕ್ಕ ಹಾಕಿ ಮರ ಸೀಳಿ ಹೊಡೆದಿರೋದು" ಅಂದೆ. ವೀಣೇಲಿ 24 ಮೆಟ್ಟಿಲೂ ಮೇಣದ ಮೇಲೆ ಕೂತಿರ್ತವೆ, ಕಿವೀಲಿ ಕೇಳ್ಕೊಂಡು ಸರಿಸಿ ಕೂರಿಸ್ತಾರೆ. ಗಿಟಾರಲ್ಲಿ ಆ ಕೆಲ್ಸ ಲೆಕ್ಕದ್ದು, ಉಳಿದಿರೋ ಉದ್ದಾನ 17.817ರಿಂದ ಭಾಗಿಸಿದ್ರೆ ಮುಂದಿನ ಫ್ರೆಟ್ ಎಲ್ಲಿ ಅಂತ ಸಿಗುತ್ತೆ. 65 ಸೆಂಟಿಮೀಟರ್ ಸ್ಕೇಲ್‌ಗೆ ಮೊದಲನೇ ಫ್ರೆಟ್ 36 ಮಿಲಿಮೀಟರ್ ಚಿಲ್ಲರೆ ದೂರದಲ್ಲಿ ಬೀಳುತ್ತೆ, 34 ಸೆಂಟಿಮೀಟರಿನ ಸೊಪ್ರಾನೋಗೆ 19 ಮಾತ್ರ. ಅದಕ್ಕೇ ಅದು ಮಕ್ಕಳ ಕೈಗೆ ಸಲೀಸು, ನನ್ನ ದಪ್ಪ ಬೆರಳಿಗೆ ಮೂರು ಒಟ್ಟಿಗೆ ಇಡೋಕೆ ಜಾಗಾನೇ ಸಾಲಲ್ಲ. ದೊಡ್ಡೋರಿಗೆ ಅದಕ್ಕಿಂತ ದೊಡ್ಡ ಸೈಜಿನ ಕಾನ್ಸರ್ಟೋ ಟೆನರೋ ವಾಸಿ. ಇನ್ನೊಂದು ವಿಷ್ಯ, ಗಿಟಾರಲ್ಲಿ ಫ್ರೆಟ್ ಎಣಿಸೋಕೆ ಇಟ್ಟಿರೋ ಚುಕ್ಕಿ ಸಾಮಾನ್ಯವಾಗಿ 9ನೇ ಫ್ರೆಟ್‌ಗೆ ಇದ್ರೆ ತುಂಬಾ ಯುಕುಲೇಲೆಗಳಲ್ಲಿ 10ಕ್ಕೆ ಇರುತ್ತೆ, ಚುಕ್ಕಿ ನಂಬ್ಕೊಂಡು ಎಣಿಸೋರು ನೋಡ್ಕೊಳಿ.

ಎರಡರ ಮಧ್ಯೆ ನನಗೆ ಇಷ್ಟ ಆದ ಸಂಬಂಧ ಇದು: ಗಿಟಾರಿನ 5ನೇ ಫ್ರೆಟ್‌ಗೆ ಕೇಪೋ (ಎಲ್ಲಾ ತಂತಿ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ ಸಣ್ಣ ತಂತಿ ನಾಲ್ಕೇ ಮೀಟಿದ್ರೆ ಜಿ, ಸಿ, ಇ, ಎ ಸ್ವರಗಳು ಬರುತ್ತೆ, ಯುಕುಲೇಲೆ ತಂತಿಗಳೂ ಅವೇ. ಜಿ ಮಾತ್ರ ಅಲ್ಲಿ ಒಂದು ಸ್ಥಾಯಿ ಮೇಲಿರುತ್ತೆ, ಮೇಲ್ಗಡೆ ತಂತಿ ಆದ್ರೂ ಕೀಚಲು ದನಿ. ಹಾಗಾಗಿ ಮಗಳು ಕಲಿತ ಕಾರ್ಡ್ ಶೇಪ್ (ಬೆರಳಿಡೋ ರೀತಿ) ನನಗೂ ಬರುತ್ತೆ, ಹೆಸರು ಬೇರೆ ಅಷ್ಟೇ.

ಪಾರ್ಟ್ಸ್ ಗೊತ್ತಿದ್ರೆ ನಿಜವಾದ ಉಪಯೋಗ ಆಗೋದು ತಂತಿ ಝರ್ ಅಂದಾಗ. ಎಲ್ಲೂ ಒತ್ತದೆ ಮೀಟಿದಾಗ ಮಾತ್ರ ಝರ್ ಅಂದು, ಒತ್ತಿದ್ರೆ ಸರಿ ಇದ್ರೆ ನಟ್ಟಿನ ತೋಡು ಆಳ ಆಗಿದೆ. ಒಂದೇ ಜಾಗದಲ್ಲಿ ಒತ್ತಿದಾಗ ಝರ್ ಅಂದ್ರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಮೊದಲ ನಾಲ್ಕೈದು ಫ್ರೆಟ್ಟಲ್ಲೂ ಝರ್ ಅಂದ್ರೆ ನೆಕ್ ತೀರಾ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ಬಾಗಿದೆ ಅಂತ ಅನುಮಾನ ಪಡ್ಬೇಕು. ನೋಡೋದು ಹೇಗೆ ಅಂದ್ರೆ ದಪ್ಪ ತಂತೀನ ಮೊದಲನೇ ಫ್ರೆಟ್ಟಲ್ಲೂ ನೆಕ್ ಬಾಡಿಗೆ ಸೇರೋ ಜಾಗದಲ್ಲೂ ಒಟ್ಟಿಗೆ ಒತ್ತಿ 7ನೇ ಫ್ರೆಟ್ ಹತ್ರ ಇಣುಕಿ, ಕೂದಲೆಳೆ ಗಾತ್ರದ ಸಂದು ಇರ್ಬೇಕು. ಇಲ್ದಿದ್ರೆ ನೆಕ್ ಒಳಗಿರೋ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡೋ ಲೋಹದ ಕಡ್ಡಿ) ಸಡಿಲಿಸ್ಬೇಕು, ಅಲನ್ ಕೀ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಬೇಡ. ಯುಕುಲೇಲೆಗೆ ಸಾಮಾನ್ಯವಾಗಿ ಈ ರಾಡೇ ಇರಲ್ಲ, ಹುಡುಕೋಕೆ ಹೋಗ್ಬೇಡಿ.

ನಮ್ಮ ಕಡೆ ಶಿವರಾತ್ರಿ ಕಳೆದು ಯುಗಾದಿ ಹೊತ್ತಿಗೆ ಗಾಳಿ ಒಣಗಿ ಹೋಗಿರುತ್ತಲ್ಲ, ಆಗ ನೆಕ್ ಅಂಚಲ್ಲಿ ಕೈ ಓಡಿಸಿದ್ರೆ ಫ್ರೆಟ್ ತುದಿಗಳು ಚುಚ್ತವೆ. ಫ್ರೆಟ್ ಬೆಳೆದಿಲ್ಲ, ಫ್ರೆಟ್‌ಬೋರ್ಡ್ ಮರ ಅಡ್ಡಡ್ಡಕ್ಕೆ ಕುಗ್ಗಿದೆ, ಲೋಹ ಇದ್ದಷ್ಟೇ ಇದೆ. ತಕ್ಷಣ ಅರ ತಗೊಂಡು ಉಜ್ಜೋಕೆ ಹೋಗ್ಬೇಡಿ, ಹಳೇ ಸೋಪು ಡಬ್ಬಿಗೆ ತೂತು ಮಾಡಿ ಒದ್ದೆ ಮಾಡಿ ಹಿಂಡಿದ ಸ್ಪಂಜ್ ಇಟ್ಟು ಬ್ಯಾಗಲ್ಲಿ ಗಿಟಾರ್ ಪಕ್ಕ ಹಾಕಿಡಿ, ನೀರು ತೊಟ್ಟಿಕ್ಕದ ಹಾಗೆ. ಸುಮಾರು ದಿನ ಬಿಟ್ಟು ಮುಟ್ಟಿ ನೋಡಿ, ಆಗ್ಲೂ ಚುಚ್ತಾ ಇದ್ರೆ ಆಮೇಲೆ ಅರದ ಮಾತು.