ಗಂಧ ತೇಯ್ದ ಹಾಗೆ ಮೂಳೆ ತೇಯ್ದಿದ್ದು

ಪಳೆಯುಳಿಕೆ ಕೆಲಸ ಅಂದ್ರೆ ಸುತ್ತಿಗೆ ಹಿಡ್ಕೊಂಡು ಗುಡ್ಡ ಸುತ್ತೋದು ಅಂತ ಮನೇಲಿ ಎಲ್ರೂ ಅನ್ಕೊಂಡಿದ್ರು, ನಾನೂ ಹಾಗೇ ಅನ್ಕೊಂಡಿದ್ದೆ. ನೋಡಿದ್ರೆ ನನ್ ಪಾಲಿಗೆ ಬಂದಿದ್ದು, ಒಳಗಿನ ರಚನೆ ಮೈಕ್ರೋಸ್ಕೋಪಲ್ಲಿ ಕಾಣೋ ಹಾಗೆ ಗಾಜಿನ ಪ್ಲೇಟ್ ಮೇಲೆ ಮೂಳೆ ತೆಳ್ಳಗೆ ತೇಯೋದು. ಅಜ್ಜಿ ಸಾಣೆಕಲ್ಲಲ್ಲಿ ಗಂಧ ತೇಯ್ತಿದ್ರಲ್ಲ, ಥೇಟ್ ಅದೇ.

ಮೂಳೆ ಲಿಸ್ಟ್ರೋಸಾರಸ್‌ದು. ಪಶ್ಚಿಮ ಬಂಗಾಳದ ರಾಣಿಗಂಜ್ ಕಡೆ ಪಂಚೆತ್ ಶಿಲಾಸ್ತರದಲ್ಲಿ ಸಿಗತ್ತೆ, ಸುಮಾರು 25 ಕೋಟಿ ವರ್ಷ ಹಳೇದು. ಹೆಸರಲ್ಲಿ ಸಾರಸ್ ಇದೆ ಅಂತ ಡೈನೋಸಾರ್ ಅನ್ಕೋಬೇಡಿ, ಆಮೆ ಥರ ಕೊಕ್ಕು, ಎರಡು ಕೋರೆಹಲ್ಲು ಇದ್ರೂ ವಂಶ ನಮ್ ಸಸ್ತನಿಗಳ ಕಡೇದು. ನೇರ ಅಜ್ಜ ಅಲ್ಲ, ದಾಯಾದಿ ಅನ್ನಿ.

ಮೊದ್ಲು ಫೋಟೋ, ಅಳತೆ, ಅಚ್ಚು ತೆಗೀಬೇಕು, ಯಾಕಂದ್ರೆ ಕೊಯ್ದ್ಮೇಲೆ ಮೂಳೆ ವಾಪಸ್ ಬರಲ್ಲ. ಆಮೇಲೆ ರೆಸಿನ್‌ನಲ್ಲಿ (ಗಟ್ಟಿಯಾಗೋ ಅಂಟಿನಂಥದ್ದು) ಕೂರಿಸಿ, ಡೈಮಂಡ್ ಬ್ಲೇಡಲ್ಲಿ ಮೂಳೆಯ ನಡುಭಾಗದಲ್ಲಿ ಅಡ್ಡಕ್ಕೆ ಕೊಯ್ದು (ಬೆಳವಣಿಗೆ ಗುರುತು ಚೆನ್ನಾಗಿ ಉಳಿಯೋದು ಅಲ್ಲೇ), ಸ್ಲೈಡಿಗೆ ಅಂಟಿಸಿ, 400, 600, 1000 ನಂಬರ್ ಉಜ್ಜೋ ಪೌಡರಲ್ಲಿ (ನಂಬರ್ ಹೆಚ್ಚಾದಷ್ಟೂ ನುಣುಪು) ನೀರು ಹಾಕ್ಕೊಂಡು ತೇಯೋದು. 50 ಮೈಕ್ರಾನ್ ಹತ್ರ ಬಂದ್ರೆ ಬೆಳಕು ಹಾಯತ್ತೆ. ನನ್ ಮೊದಲ್ನೇ ಸ್ಲೈಡ್ ಇನ್ನೊಂಚೂರು ಇನ್ನೊಂಚೂರು ಅಂತ ತೇಯ್ದು ತೇಯ್ದು ಎತ್ತಿ ನೋಡಿದ್ರೆ ಬರೀ ಅಂಟು! ಗೈಡ್ ಏನೂ ಅನ್ಲಿಲ್ಲ, ಬೈದಿದ್ರೇ ಚೆನ್ನಾಗಿರ್ತಿತ್ತು. ಪುಣ್ಯಕ್ಕೆ ಇನ್ನೊಂದು ತುಂಡು ಇತ್ತು.

ಎರಡನೇದು ಸರಿಯಾಗ್ ಬಂತು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ತುಂಬಾ ರಕ್ತನಾಳದ ತೂತುಗಳು, ಸುತ್ತ ನಾರು ಅಡ್ಡಾದಿಡ್ಡಿ. ಮೂಳೆ ಗಡಿಬಿಡೀಲಿ ಬೆಳೆದಾಗ ನಾರು ಸಾಲಾಗಿ ಕೂರೋಕೆ ಟೈಮ್ ಇರಲ್ಲ, ಅದಕ್ಕೇ ಹೀಗೆ. ಪಳೆಯುಳಿಕೆ ವಿಜ್ಞಾನಿ ಸಂಘಮಿತ್ರಾ ರೇ ಮತ್ತೆ ಜೊತೆಯವರು 2005ರಲ್ಲಿ ಈ ಪ್ರಾಣಿ ಬೇಗ ಬೆಳೀತಿತ್ತು ಅಂತಲೇ ಬರೆದಿದ್ರು, ಆದ್ರೂ ನಮ್ ಕೈಯಾರೆ ತೇಯ್ದು ನೋಡೋದೇ ಬೇರೆ.

ಅದಕ್ಕಿಂತ ಮಜಾ ಅನ್ಸಿದ್ದು ಹೊರ ಅಂಚು. ಮೂಳೆ ಚಿಕ್ಕದು, ಇದು ಯಾವುದೋ ಗಿಡ್ಡ ಜಾತಿ ಇರ್ಬೇಕು ಅಂತ ನಾನು ಆಗಲೇ ತಲೇಲಿ ಕಥೆ ಕಟ್ಟಿದ್ದೆ. ಬೆಳವಣಿಗೆ ನಿಧಾನ ಆದ್ರೆ ಅಂಚಲ್ಲಿ ತೆಳ್ಳಗೆ ಪದರ ಪದರ ಕಾಣ್ಬೇಕು, ಇಲ್ಲಿ ಅಂಚಿನ ತನಕ ಅದೇ ಗಡಿಬಿಡಿ, ಅಂದ್ರೆ ಇನ್ನೂ ಬೆಳೀತಿದ್ದ ಮರಿ. ಹಿಂದೆ ಈ ಗುಂಪಲ್ಲಿ ಸೈಜು, ಬುರುಡೆ ಆಕಾರ ನೋಡಿ ಹೊಸ ಹೊಸ ಹೆಸರು ಇಟ್ಟು ಆಮೇಲೆ ಎಷ್ಟೋ ಅಳಿಸಿದಾರೆ, ನಾನೂ ಆ ಲೈನಲ್ಲೇ ನಿಂತಿದ್ದೆ.

ಬಿಸಿರಕ್ತದ್ದು ಅಂತ ಬರೆಯೋ ಆಸೆ ಆಯ್ತು, ಬರೀಲಿಲ್ಲ. ಬೇಗ ಬೆಳೀತು ಅನ್ನೋದಷ್ಟೇ ಸ್ಲೈಡ್ ಹೇಳಿದ್ದು.

ದೊಡ್ಡ ಮೂಳೆ ಇನ್ನೂ ಬಾಕಿ ಇದೆ. ಈ ಸಲ 1000 ಪೌಡರಿಗೆ ಬಂದ್ಮೇಲೆ ಎರಡು ನಿಮಿಷಕ್ಕೊಂದ್ಸಲ ಎತ್ತಿ ನೋಡ್ತೀನಿ.