ಹೊಸ ಕೆಲಸ, ಭಾನುವಾರದ ಪೂಜೆ, ಮ್ಯಾರಥಾನ್ ತಯಾರಿ: ವಾರವನ್ನು ಕಟ್ಟಿಕೊಳ್ಳುವ ಬಗೆ

ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಸೇರಿ, ಹಾಫ್ ಅಥವಾ ಫುಲ್ ಮ್ಯಾರಥಾನ್‌ಗೆ ತಯಾರಾಗಲು ಹೊರಟ ಕ್ರೈಸ್ತರನ್ನು ಮೊದಲು ಕಾಡುವುದು ಭಾನುವಾರ ಬೆಳಗ್ಗೆ. ಓಟದ ಗುಂಪುಗಳು ಉದ್ದನೆಯ ಓಟ ಇಟ್ಟುಕೊಳ್ಳುವುದು ಆಗಲೇ. ಸ್ಪರ್ಧೆಗಳೂ ಬಹುಪಾಲು ಆಗಲೇ. ಕ್ಯಾಥೊಲಿಕರ ಬಲಿಪೂಜೆ (ಮಾಸ್), ಪ್ರಾಟೆಸ್ಟಂಟರ ಆರಾಧನೆ ಆಗಲೇ. ವಾರವಿಡೀ ಮೀಟಿಂಗುಗಳಲ್ಲಿ ಸವೆದ ದೇಹ ನಿದ್ದೆ ಕೇಳುವುದೂ ಅದೇ ಬೆಳಗ್ಗೆ. ಪ್ರತಿ ವಾರ ಅಲಾರಾಂ ಹೊಡೆದಾಗ ಯಾವುದನ್ನು ಬಿಡಲಿ ಎಂದು ಯೋಚಿಸುತ್ತ ಕೂತರೆ ಎರಡು ತಿಂಗಳಲ್ಲಿ ಮೂರೂ ಸಡಿಲವಾಗುತ್ತವೆ. ಅದಕ್ಕೇ ಇದನ್ನು ಒಂದೇ ಸಲ ಕೂತು ತೀರ್ಮಾನಿಸಿಬಿಡಬೇಕು. ಕ್ಯಾಲೆಂಡರಿನಲ್ಲಿ ಮೊದಲು ಪೂಜೆ, ಆಮೇಲೆ ನಿದ್ದೆ, ಆಮೇಲೆ ಕೆಲಸದ ಹೊತ್ತು ಬರೆಯಿರಿ. ಉಳಿದ ಜಾಗದಲ್ಲಿ ಓಟ ಕೂರಿಸಿ. ಈ ಕ್ರಮ ತಿರುಗಿಸಿದವರ ಯೋಜನೆ ಬಾಳಿಕೆ ಬರುವುದು ಕಡಿಮೆ.

ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡ್ಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಇದ್ದುದರಿಂದ ಅದಕ್ಕೆ ಇಳಿಯಲಿಲ್ಲ ಎಂಬುದನ್ನು ಚರ್ಚುಗಳಲ್ಲಿ ಆಗಾಗ ಹೇಳುತ್ತಾರೆ. ಅದರಲ್ಲಿ ಬಿಟ್ಟುಹೋಗುವ ಒಂದು ವಿವರ ನಮಗೆ ಹೆಚ್ಚು ಉಪಯೋಗದ್ದು. ವೇಳಾಪಟ್ಟಿ ಅವರಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಆ ತಿಂಗಳುಗಳಲ್ಲಿ ಅವರು 400 ಮೀಟರಿಗೆ ತಯಾರಿ ಮಾಡಿಕೊಂಡರು, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ನಂಬಿಕೆಯನ್ನು ಉಳಿಸಿಕೊಳ್ಳಲು ಮುಂಚಿತವಾಗಿ ಯೋಜಿಸುವುದೂ ನಂಬಿಕೆಯದೇ ಭಾಗ.

ಉದ್ದನೆಯ ಓಟ ಶನಿವಾರಕ್ಕೆ

ನಮ್ಮ ಮೊದಲ ಸಲಹೆ ಇದು: ಗುಂಪಿನ ಜೊತೆ ಓಡುವ ಖುಷಿ ಬಿಟ್ಟುಕೊಟ್ಟಾದರೂ ಉದ್ದನೆಯ ಓಟವನ್ನು ಶನಿವಾರ ಬೆಳಗ್ಗೆಗೆ ತನ್ನಿ. ಭಾನುವಾರ ಪೂರ್ತಿ ವಿಶ್ರಾಂತಿ, ಹೆಚ್ಚೆಂದರೆ ಚರ್ಚಿಗೆ ನಡೆದು ಹೋಗಿಬರುವುದು. ಉದ್ದನೆಯ ಓಟದ ಮರುದಿನ ಸ್ನಾಯುಗಳಿಗೆ ಬೇಕಿರುವುದೂ ಅದೇ.

ಇದಕ್ಕೆ ಅಡ್ಡ ಬರುವುದು ಶುಕ್ರವಾರ ರಾತ್ರಿ. ಅಮೆರಿಕದ ತಂಡದ ಜೊತೆ ಮೀಟಿಂಗ್ ಮುಗಿಯುವಾಗ ಹತ್ತೂವರೆ, ನಿದ್ದೆ ಹತ್ತುವಾಗ ಹನ್ನೊಂದೂವರೆ. ನಾಲ್ಕೂವರೆಗೆ ಎದ್ದರೆ ಸಿಕ್ಕಿದ್ದು ಐದು ಗಂಟೆ. ಡಿಸೆಂಬರ್‌-ಜನವರಿಯಲ್ಲಿ ಪರಿಹಾರ ಸುಲಭ: ಬಿಸಿಲು ಏರುವುದು ತಡ, ಆರೂಕಾಲಿಗೆ ಹೊರಟರೂ ಎಂಟೂವರೆವರೆಗೆ ತಂಪು. ಮಾರ್ಚ್‌ನಿಂದ ಮೇವರೆಗೆ ಆ ಸೌಲಭ್ಯವಿಲ್ಲ. ಆ ಮೂರು ತಿಂಗಳು ಶುಕ್ರವಾರದ ಮೀಟಿಂಗನ್ನು ಗುರುವಾರಕ್ಕೆ ಸರಿಸಲು ಕೇಳಿ. ಆಗದಿದ್ದರೆ ಶನಿವಾರದ ಓಟವನ್ನೇ 90 ನಿಮಿಷಕ್ಕೆ ಇಳಿಸಿ. ನಿದ್ದೆ ಕಡಿದು ಮೂರು ಗಂಟೆ ಓಡುವುದಕ್ಕಿಂತ ಇದು ಲಾಭ.

ಯಾವುದೋ ವಾರ ಭಾನುವಾರವೇ ಓಡಬೇಕಾಗಿ ಬಂದರೆ ಎರಡು ದಾರಿಗಳಿವೆ. ಕ್ಯಾಥೊಲಿಕರಿಗೆ ಧರ್ಮಸಭೆಯ ಕಾನೂನಿನ 1248ನೇ ವಿಧಿಯಂತೆ ಹಿಂದಿನ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಪೂರೈಸುತ್ತದೆ. ಬೆಂಗಳೂರಿನ ಹಲವು ಚರ್ಚುಗಳಲ್ಲಿ ಭಾನುವಾರ ಸಂಜೆಯೂ ಪೂಜೆ ಇರುತ್ತದೆ. ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಪೂಜೆಗಳ ಹೊತ್ತು ಬೇರೆಬೇರೆ. ಸುತ್ತಲಿನ ಮೂರು ಚರ್ಚುಗಳ ವೇಳಾಪಟ್ಟಿಯ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತಿತರ ಪ್ರಾಟೆಸ್ಟಂಟ್ ಸಭೆಗಳಲ್ಲಿ ಶನಿವಾರದ ಆರಾಧನೆ ಎಲ್ಲೆಡೆ ಇರುವುದಿಲ್ಲ, ಅಲ್ಲಿಯವರು ಎರಡನೇ ಅಥವಾ ಸಂಜೆಯ ಆರಾಧನೆ ನೋಡಿಕೊಳ್ಳಬೇಕು.

ಓಡಿ ಬಂದು ನೇರ ಎಂಟು ಗಂಟೆಯ ಪೂಜೆಗೆ ಹೋಗುವವರು ತಪ್ಪುವುದು ಊಟದಲ್ಲಿ. ಪರಮಪ್ರಸಾದಕ್ಕೆ (ಪೂಜೆಯ ಕೊನೆಯ ಭಾಗದಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿ) ಮೊದಲು ಒಂದು ಗಂಟೆ ಏನೂ ತಿನ್ನಬಾರದು ಎಂಬ ನಿಯಮವನ್ನು ಪೂಜೆಗೆ ಮೊದಲು ಒಂದು ಗಂಟೆ ಎಂದು ತಿಳಿದು, ಖಾಲಿ ಹೊಟ್ಟೆಯಲ್ಲೇ ಕೂತು, ಪ್ರಬೋಧನೆಯ ಹೊತ್ತಿಗೆ ತಲೆ ಸುತ್ತಿಸಿಕೊಳ್ಳುತ್ತಾರೆ. ಗಂಟೆ ಎಣಿಸಬೇಕಾದದ್ದು ಪರಮಪ್ರಸಾದ ಸ್ವೀಕರಿಸುವ ಕ್ಷಣದಿಂದ ಹಿಂದಕ್ಕೆ. ಎಂಟರ ಪೂಜೆಯಲ್ಲಿ ಆ ಹೊತ್ತು ಸುಮಾರು ಎಂಟೂಮುಕ್ಕಾಲು. ಅಂದರೆ ಏಳೂಮುಕ್ಕಾಲಿನೊಳಗೆ ತಿಂದು ಮುಗಿಸಿದರೆ ಸಾಕು. ನೀರು, ಔಷಧಿಗೆ ಅಡ್ಡಿಯಿಲ್ಲ. ನಾಲ್ಕೂವರೆಗೆ ಹೊರಟು ಆರೂವರೆಗೆ ಮುಗಿಸಿ, ಏಳರೊಳಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ನಾಲ್ಕು ಇಡ್ಲಿ ಹೊಟ್ಟೆಗೆ ಹಾಕಿ ಸ್ನಾನ ಮಾಡಿ ಹೊರಡಿ. ಎರಡು ಗಂಟೆಗಿಂತ ಹೆಚ್ಚು ಓಡಿದ ದಿನ ಇದು ನಡೆಯುವುದಿಲ್ಲ. ಮೊಣಕಾಲೂರಿದಾಗ ಮೀನಖಂಡ ಹಿಡಿದುಕೊಂಡು ಪ್ರಾರ್ಥನೆಯೇ ಕೈತಪ್ಪುತ್ತದೆ. ಅಂಥ ದಿನ ಸಂಜೆಯ ಪೂಜೆಯೇ ಸರಿ.

ಮೊದಲ ಮೂರು ತಿಂಗಳು ಏರಬೇಡಿ

ಪ್ರೊಬೇಷನ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಆ ಅವಧಿಯ ಮೊದಲ 12 ವಾರ ಫಿಟ್‌ನೆಸ್ ಉಳಿಸಿಕೊಳ್ಳುವುದಷ್ಟೇ ಗುರಿಯಾಗಿರಲಿ. ಹೊಸ ಜಾಗದ ಒತ್ತಡ, ಹೊಸ ಪ್ರಯಾಣ, ಕ್ಯಾಂಟೀನಿನ ಊಟ ಎಲ್ಲವೂ ದೇಹದ ಮೇಲಿನ ಭಾರವೇ. ಅದೇ ತಿಂಗಳಲ್ಲಿ ಕಿಲೋಮೀಟರನ್ನೂ ಏರಿಸಿದವರಿಗೆ ಮೀನಖಂಡದ ಸೆಳೆತ, ಮೊಣಕಾಲಿನ ಕೆಳಗಿನ ಮೂಳೆನೋವು ಬರುವುದು ಬಹಳ ಸಾಮಾನ್ಯ. ಒಂದು ಸಮಾಧಾನವಿದೆ: ವೇಗದ ಓಟವನ್ನು ಉಳಿಸಿಕೊಂಡರೆ, ಓಡುವ ದಿನಗಳನ್ನು ಆರರಿಂದ ಎರಡಕ್ಕೆ ಇಳಿಸಿದರೂ ಉಸಿರಿನ ಸಾಮರ್ಥ್ಯ ಹದಿನೈದು ವಾರಗಳವರೆಗೆ ಬಹುಮಟ್ಟಿಗೆ ಉಳಿಯುತ್ತದೆ.

ಹಾಗಾಗಿ ಮಂಗಳವಾರ 40 ನಿಮಿಷ ನಿಧಾನದ ಓಟ. ಗುರುವಾರ 45 ನಿಮಿಷ, ಅದರೊಳಗೆ ಮೂರು ಮೂರು ನಿಮಿಷದ ಐದು ಜೋರು ಓಟ, ನಡುವೆ ಎರಡೆರಡು ನಿಮಿಷ ನಿಧಾನ. ಶನಿವಾರ 75ರಿಂದ 90 ನಿಮಿಷ. ಸೋಮವಾರ ಮತ್ತು ಬುಧವಾರ ಮನೆಯಲ್ಲೇ 15 ನಿಮಿಷ: ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು 12ರಂತೆ ಮೂರು ಸುತ್ತು, ಸ್ಕ್ವಾಟ್, ಮಲಗಿ ಸೊಂಟ ಎತ್ತುವುದು. ಒಟ್ಟು ವಾರಕ್ಕೆ ಮೂರೂವರೆ ಗಂಟೆಯೊಳಗೆ. ಕೆಲಸ ಹದಕ್ಕೆ ಬಂದ ಮೇಲೆ 16 ವಾರದ ಮ್ಯಾರಥಾನ್ ಯೋಜನೆಗೆ ಇಳಿಯಿರಿ. ಶನಿವಾರದ ಓಟಕ್ಕೆ ವಾರಕ್ಕೆ 10-15 ನಿಮಿಷ ಸೇರಿಸುತ್ತ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಕಡಿಮೆ ಮಾಡುತ್ತ, ಮೂರೂಕಾಲು ಗಂಟೆಗೆ ನಿಲ್ಲಿಸಿ. ಬುಧವಾರ 70 ನಿಮಿಷದ ಇನ್ನೊಂದು ಓಟ ಸೇರುತ್ತದೆ.

ಓಟ ತಪ್ಪಿದರೆ ಹೋಯಿತು ಎಂದುಕೊಳ್ಳಿ. ಗುರುವಾರ ಬಿಟ್ಟದ್ದನ್ನು ಶುಕ್ರವಾರ ಓಡಿ, ಶನಿವಾರ ಉದ್ದನೆಯದನ್ನೂ ಮುಗಿಸಲು ಹೋದಾಗಲೇ ಗಾಯಗಳಾಗುವುದು. ವಾರ ಬಿಗಿಯಾದಾಗ ಮೊದಲು ಬಿಡಬೇಕಾದ್ದು ಬುಧವಾರದ ಓಟ, ಆಮೇಲೆ ಗುರುವಾರದ ವೇಗ, ಕೊನೆಗೆ ಶನಿವಾರದ ಅರ್ಧ. ಬೆಳಗ್ಗೆ ಏಳುವ ಮುನ್ನ ನಾಡಿ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಮಾಮೂಲಿಗಿಂತ ನಿಮಿಷಕ್ಕೆ ಆರೇಳು ಬಡಿತ ಮೂರು ದಿನ ಸತತ ಹೆಚ್ಚಿದ್ದರೆ ಎರಡು ದಿನ ಓಡಬೇಡಿ.

ಕಚೇರಿಯಲ್ಲಿ ಹೇಳುವ ಮಾತು

ಮ್ಯಾನೇಜರಿಗೆ ‘ನಾನು ಭಾನುವಾರ ಕೆಲಸ ಮಾಡುವುದಿಲ್ಲ’ ಎಂದು ಮೊದಲ ವಾರವೇ ಘೋಷಿಸಿದರೆ ಅದು ಷರತ್ತಿನಂತೆ ಕೇಳುತ್ತದೆ. ‘ಭಾನುವಾರ ಬೆಳಗ್ಗೆ 7ರಿಂದ 10ರವರೆಗೆ ಚರ್ಚಿನಲ್ಲಿರುತ್ತೇನೆ, ಫೋನ್ ಎತ್ತಲಾಗದು, ಆನ್-ಕಾಲ್ ಸರದಿ ಬಂದ ವಾರ 10ರಿಂದ ಸಿಗುತ್ತೇನೆ’ ಎಂದರೆ ಒಪ್ಪದವರು ಅಪರೂಪ. ಆ ಮೂರು ಗಂಟೆ ನೋಡಿಕೊಳ್ಳುವ ಸಹೋದ್ಯೋಗಿಯನ್ನು ನೀವೇ ಗೊತ್ತುಮಾಡಿ, ಬದಲಿಗೆ ಅವರ ಹಬ್ಬದ ದಿನ ನೀವು ಕೂರಿ. ದೀಪಾವಳಿ, ರಂಜಾನ್ ದಿನಗಳಲ್ಲಿ ಸರದಿ ವಹಿಸಿಕೊಂಡವರಿಗೆ ಕ್ರಿಸ್ಮಸ್ ವಾರದಲ್ಲಿ ಕೇಳುವ ಬಾಯಿ ಇರುತ್ತದೆ.

ಶನಿವಾರ ರಾತ್ರಿಯ ಸಾಫ್ಟ್‌ವೇರ್ ಬಿಡುಗಡೆ ಇದ್ದರೆ ಆ ವಾರದ ಉದ್ದನೆಯ ಓಟವನ್ನು ಎರಡಾಗಿ ಒಡೆಯಿರಿ: ಶುಕ್ರವಾರ ಸಂಜೆ 60 ನಿಮಿಷ, ಶನಿವಾರ ಬೆಳಗ್ಗೆ 75. ರಾತ್ರಿಯಿಡೀ ಎಚ್ಚರವಿದ್ದು ಭಾನುವಾರ ನಸುಕಿಗೆ ಬೈಕ್ ಹತ್ತಿ ನಂದಿಬೆಟ್ಟದ ಕಡೆ ಓಡಲು ಹೋಗುವುದು ಬೇಡವೇ ಬೇಡ. ಅಪಾಯ ಓಟದಲ್ಲಿಲ್ಲ, ತೂಕಡಿಸುತ್ತ ಗಾಡಿ ಓಡಿಸುವುದರಲ್ಲಿದೆ.

ಆಸ್ಪತ್ರೆಗಳಲ್ಲಿ ಹೊಸದಾಗಿ ಸೇರಿದ ನರ್ಸ್‌ಗಳಿಗೆ ಲೆಕ್ಕ ಬೇರೆ. ಸರದಿ ಬದಲಾಗುತ್ತಿರುವಾಗ ವಾರದ ದಿನಕ್ಕೆ ಓಟ ಕಟ್ಟಬೇಡಿ, ಸರದಿಗೆ ಕಟ್ಟಿ. ಮಧ್ಯಾಹ್ನದ ಸರದಿಯ ದಿನ ಬೆಳಗ್ಗೆ ವೇಗದ ಓಟ, ರಜೆಯ ದಿನ ಉದ್ದನೆಯದು, ರಾತ್ರಿ ಸರದಿ ಮುಗಿದ ಬೆಳಗ್ಗೆ ಏನೂ ಇಲ್ಲ. ಮಲಗಿ ಎದ್ದು ಸಂಜೆ 30 ನಿಮಿಷ. ರೋಗಿಗಳ ಆರೈಕೆಯ ಕಾರಣಕ್ಕೆ ಭಾನುವಾರದ ಪೂಜೆ ತಪ್ಪಿದರೆ ಅದು ಗಂಭೀರ ಕಾರಣವೇ. ಮನಸ್ಸಿನಲ್ಲಿ ಕೊರಗದೆ ಒಮ್ಮೆ ಚರ್ಚಿನ ಗುರುಗಳ ಜೊತೆ ಮಾತಾಡಿ, ವಾರದ ನಡುವಿನ ಪೂಜೆಯೊಂದನ್ನು ಗೊತ್ತುಮಾಡಿಕೊಳ್ಳಿ.

ತಪಸ್ಸು ಕಾಲದಲ್ಲಿ

ಪಾಸ್ಕ ಹಬ್ಬ (ಈಸ್ಟರ್) ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬೀಳುತ್ತದೆ, ಅದಕ್ಕೆ ಮೊದಲಿನ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ 46 ದಿನ ಮುಂಚೆ. 2027ರಲ್ಲಿ ಅವು ಮಾರ್ಚ್ 28 ಮತ್ತು ಫೆಬ್ರವರಿ 10. ಅಂದರೆ ಇಡೀ ತಪಸ್ಸು ಕಾಲ ಬೆಂಗಳೂರಿನ ಬಿಸಿಲು ಏರುವ ವಾರಗಳಲ್ಲೇ ಬರುತ್ತದೆ. ವಸಂತದ ಸ್ಪರ್ಧೆಗೆ ಹೆಸರು ಕೊಡುವ ಮೊದಲು ಇದನ್ನು ಎಣಿಸಿ.

ಕ್ಯಾಥೊಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಒಂದು ಪೂರ್ತಿ ಊಟ, ಜೊತೆಗೆ ಎರಡು ಸಣ್ಣ ಊಟ. ವಿಭೂತಿ ಬುಧವಾರದ ಓಟ ರದ್ದು ಮಾಡಿ, ಬೇಕಿದ್ದರೆ ಅರ್ಧ ಗಂಟೆ ನಡೆಯಿರಿ. ಶುಭ ಶುಕ್ರವಾರ ಕರ್ನಾಟಕದಲ್ಲಿ ರಜೆ. ರಜೆ ಸಿಕ್ಕಿತೆಂದು 25 ಕಿಲೋಮೀಟರ್ ಓಡಲು ಆಸೆಯಾಗುತ್ತದೆ. ಶಿಲುಬೆಯ ಹಾದಿಯಲ್ಲಿ ಬಿಸಿಲಲ್ಲಿ ನಿಲ್ಲುವುದು, ಮಧ್ಯಾಹ್ನ ಮೂರರ ಆರಾಧನೆ, ಅರೆಹೊಟ್ಟೆ, ಇಷ್ಟರ ಜೊತೆ ಓಟ ಸೇರಿದರೆ ಕುಸಿದು ಬೀಳುವುದು ಖಚಿತವೆಂದೇ ತಿಳಿಯಿರಿ. ಆ ದಿನ ಆ ದಿನಕ್ಕೇ ಇರಲಿ. ಮರುದಿನ ಪವಿತ್ರ ಶನಿವಾರ ಬೆಳಗ್ಗೆ 60 ನಿಮಿಷ ಸಾಕು, ರಾತ್ರಿ ಜಾಗರಣೆಯ ಪೂಜೆ ತಡವಾಗಿ ಮುಗಿಯುತ್ತದೆ. ಪಾಸ್ಕ ವಾರವನ್ನೇ ನಾಲ್ಕನೇ ವಾರದ ಇಳಿಕೆಯಾಗಿ ಇಟ್ಟುಕೊಂಡರೆ ಎಲ್ಲ ಸರಿಹೊಂದುತ್ತದೆ.

ನಲವತ್ತು ದಿನ ಮಾಂಸ, ಮೊಟ್ಟೆ, ಮೀನು ಬಿಡುವವರು ಬಹಳ. ಒಳ್ಳೆಯದೇ, ಆದರೆ ತಟ್ಟೆಯಲ್ಲಿ ಖಾಲಿಯಾದ ಜಾಗವನ್ನು ಅನ್ನದಿಂದ ತುಂಬಬೇಡಿ. ಓಡುವವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು; 60 ಕಿಲೋ ತೂಗುವವರಿಗೆ 72ರಿಂದ 96 ಗ್ರಾಂ. ಒಣ ಸೋಯಾ ತುಂಡು 50 ಗ್ರಾಂನಲ್ಲಿ ಸುಮಾರು 25, ಪನೀರ್ 100 ಗ್ರಾಂನಲ್ಲಿ 18, ಬೆಂದ ಬೇಳೆ ಒಂದು ದೊಡ್ಡ ಬಟ್ಟಲಲ್ಲಿ 15, ಒಂದು ದೊಡ್ಡ ಲೋಟ ಹಾಲಲ್ಲಿ 8, ಒಂದು ಹಿಡಿ ಕಡಲೆಬೀಜದಲ್ಲಿ 7 ಗ್ರಾಂ ಸಿಗುತ್ತದೆ. ಕಬ್ಬಿಣಾಂಶ ಕಡಿಮೆಯಿರುವವರು, ಅದರಲ್ಲೂ ಹೆಂಗಸರು, ಊಟದ ಜೊತೆಗೆ ಚಹಾ-ಕಾಫಿ ಕುಡಿಯದೆ ಒಂದು ಗಂಟೆ ಬಿಡಿ, ಸೊಪ್ಪಿನ ಮೇಲೆ ನಿಂಬೆ ಹಿಂಡಿ. ಓಡುವಾಗಿನ ಆಹಾರವನ್ನು ಮಾತ್ರ ಉಪವಾಸಕ್ಕೆ ಸೇರಿಸಬೇಡಿ. 90 ನಿಮಿಷ ದಾಟುವ ಓಟಕ್ಕೆ ಗಂಟೆಗೆ 40 ಗ್ರಾಂ ಕಾರ್ಬೊಹೈಡ್ರೇಟ್ ಬೇಕು, ಎಂದರೆ ಎರಡು ಏಲಕ್ಕಿ ಬಾಳೆ, ಮೂರು ಸಣ್ಣ ಖರ್ಜೂರ, ಜೊತೆಗೆ ಅರ್ಧ ಲೀಟರ್ ಓಆರ್‌ಎಸ್. ತ್ಯಾಗ ಮಾಡಬೇಕೆಂದಿದ್ದರೆ ಹೊಸ ಶೂ ಕೊಳ್ಳುವುದನ್ನು, ಓಟದ ಅಂಕಿಗಳನ್ನು ಎಲ್ಲರಿಗೂ ತೋರಿಸುವುದನ್ನು ಬಿಡಬಹುದು.

ಸೆಪ್ಟೆಂಬರ್ 8ರ ಮರಿಯಮಾತೆಯ ಹಬ್ಬದ ನವೇನವೂ (ಒಂಬತ್ತು ದಿನಗಳ ಪ್ರಾರ್ಥನೆ) ಹೀಗೆಯೇ. ಶಿವಾಜಿನಗರದ ಬೆಸಿಲಿಕಾದಲ್ಲಿ ಧ್ವಜಾರೋಹಣದಿಂದ ಹಬ್ಬದವರೆಗೆ ಸಂಜೆಗಳೆಲ್ಲ ಜನಜಂಗುಳಿ. ಮಂಗಳೂರು ಕಡೆಯವರಾದರೆ ಅದೇ ದಿನದ ಮೊಂತಿ ಫೆಸ್ತ್‌ಗೆ (ತೆನೆ ಹಬ್ಬ) ಊರಿಗೆ ಹೋಗಲೇಬೇಕು. ಸೆಪ್ಟೆಂಬರ್‌ನಲ್ಲಿ ಶ್ರೀರಂಗಪಟ್ಟಣದ ನಾಲೆಯ ದಾರಿಯಲ್ಲಿ ನಡೆಯುವ ಕಾವೇರಿ ಟ್ರೇಲ್ ಓಟಕ್ಕೆ ಹೆಸರು ಕೊಟ್ಟವರು ಅತಿ ಉದ್ದದ ಓಟವನ್ನು ಆಗಸ್ಟ್ ಮೂರನೇ ವಾರದೊಳಗೆ ಮುಗಿಸಿಬಿಡಿ.

ಓಡುತ್ತ ಪ್ರಾರ್ಥನೆ

ಜಪಸರದ ಹತ್ತು ಮಣಿಗಳ ಒಂದು ದಶಕಕ್ಕೆ ಮೂರು-ನಾಲ್ಕು ನಿಮಿಷ, ಐದಕ್ಕೆ 15ರಿಂದ 20 ನಿಮಿಷ. ನಿಧಾನದ ಓಟದಲ್ಲಿ ಅದು ಸುಮಾರು ಎರಡೂವರೆ ಕಿಲೋಮೀಟರ್. ಸರ ಕೈಯಲ್ಲಿ ಹಿಡಿದರೆ ಬೆವರಿಗೆ ಜಾರುತ್ತದೆ, ಹತ್ತು ಮಣಿಯ ಉಂಗುರ ಸಾಕು. ಇದರಿಂದ ಇನ್ನೊಂದು ಪ್ರಯೋಜನವಿದೆ. ‘ನಮೋ ಮರಿಯೆ’ ಪ್ರಾರ್ಥನೆಯ ಮೊದಲರ್ಧವನ್ನು ಮೆಲುದನಿಯಲ್ಲಿ ಒಂದೇ ಉಸಿರಿಗೆ ಹೇಳಲಾಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ನಿಧಾನದ ಓಟಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಗಡಿಯಾರದಲ್ಲೂ ಇಲ್ಲ. ಪ್ರಾಟೆಸ್ಟಂಟರು 121ನೇ ಕೀರ್ತನೆಯಂಥ ಚಿಕ್ಕ ಕೀರ್ತನೆಯೊಂದನ್ನು ವಾರಕ್ಕೊಂದರಂತೆ ಬಾಯಿಪಾಠ ಮಾಡಬಹುದು. ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ. ನಸುಕಿನ ಬೀದಿಯಲ್ಲಿ ನಾಯಿ, ಹಾಲಿನ ಗಾಡಿ ಎರಡೂ ಹಿಂದಿನಿಂದ ಬರುತ್ತವೆ.

ವೇಗದ ಓಟದ ದಿನ ಪ್ರಾರ್ಥನೆ ಬೆರೆಸಲು ಹೋಗಬೇಡಿ, ಎರಡೂ ಕೆಡುತ್ತವೆ. ಓಟದಲ್ಲಿ ಪ್ರಾರ್ಥಿಸಿದೆನಲ್ಲ ಎಂದು ಮನೆಯ ಪ್ರಾರ್ಥನೆ ಬಿಡುವುದೂ ಸರಿಯಲ್ಲ. ಶೂ ಕಟ್ಟುವ ಮೊದಲು ಹತ್ತು ನಿಮಿಷ, ಫೋನ್ ಮುಟ್ಟದೆ, ಆ ದಿನದ ಬೈಬಲ್ ವಾಚನ ಓದಿ ಸುಮ್ಮನೆ ಕೂರಿ. ಫೋನ್ ತೆರೆದರೆ ರಾತ್ರಿ ಬಂದ ಮೇಲ್‌ಗಳು ಆ ಹತ್ತು ನಿಮಿಷವನ್ನೂ ಮುಂದಿನ ನಲವತ್ತನ್ನೂ ನುಂಗುತ್ತವೆ. ವಾಚನಕ್ಕೆ ಮುದ್ರಿತ ಪುಸ್ತಕ ಇಟ್ಟುಕೊಳ್ಳಿ, ಅಲಾರಾಂಗೆ ಬೇರೆ ಗಡಿಯಾರ.

ಸ್ಪರ್ಧೆಯ ಭಾನುವಾರ

ಶನಿವಾರ ಓಟದ ನಂಬರ್ ಚೀಟಿ ಪಡೆಯಲು ಎಕ್ಸ್‌ಪೋಗೆ (ಸ್ಪರ್ಧೆಗೆ ಮುಂಚಿನ ಮೇಳ) ಹೋಗುವುದಿದ್ದರೆ ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನ ಮಲಗಿ, ಸಂಜೆಯ ಪೂಜೆಗೆ ಹೋಗಿ. ಏಳೂವರೆಗೆ ಅನ್ನ-ಸಾರು ಅಥವಾ ಪೊಂಗಲ್ ತಿಂದು ಒಂಬತ್ತಕ್ಕೆ ದೀಪ ಆರಿಸಿ. ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ, ಅದನ್ನು ನೆಚ್ಚಬೇಡಿ. ಭಾನುವಾರ ಸಂಜೆಯ ಪೂಜೆಯೇ ಬೇಕೆನ್ನುವವರು ಓಟ ಮುಗಿದ ನಾಲ್ಕು ಗಂಟೆಯೊಳಗೆ ಎರಡು ಸಲ ಊಟ ಮಾಡಿ, ಒಂದು ಗಂಟೆ ಮಲಗಿ ಹೋಗಿ. ಚರ್ಚಿನಲ್ಲಿ ತುದಿಯ ಸಾಲು ಹಿಡಿಯಿರಿ. ಮೊಣಕಾಲೂರಲು ಆಗದಿದ್ದರೆ ಕೂತೇ ಇರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಫುಲ್ ಮ್ಯಾರಥಾನ್ ಆಗಿದ್ದರೆ ಸೋಮವಾರದ ಅರ್ಧ ದಿನದ ರಜೆಯನ್ನು ಒಂದು ತಿಂಗಳ ಮೊದಲೇ ಹಾಕಿ. ಅದೂ ಸಿಗದಿದ್ದರೆ ಬೆಳಗ್ಗೆ 11ರ ಮೊದಲು ಯಾವ ಮೀಟಿಂಗನ್ನೂ ಒಪ್ಪಿಕೊಳ್ಳಬೇಡಿ.